ದಾರಿ ತಪ್ಪುವ ಧೈರ್ಯ, ಸಮಕ್ಕೆ ಸೇರುವ ಸುಖ

1970ರ ಆಗಸ್ಟ್ 29. ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ದ್ವೀಪದ ಬಯಲಲ್ಲಿ ಕಣ್ಣು ಹಾಯಿಸಿದಷ್ಟು ದೂರವೂ ತಲೆಗಳೇ. ಸೇರಿದವರು ಆರು ಲಕ್ಷ ಎಂಬ ಅಂದಾಜು ಇವತ್ತಿಗೂ ಚಲಾವಣೆಯಲ್ಲಿದೆ. ಅದರಲ್ಲಿ ಅರ್ಧ ಕಳೆದರೂ ದೊಡ್ಡ ಜಾತ್ರೆಯೇ. ಆ ಜನ ಬಂದದ್ದು ಜಿಮಿ ಹೆಂಡ್ರಿಕ್ಸ್, ದ ಡೋರ್ಸ್, ದ ಹೂ ಇಂಥ ರಾಕ್ ದಿಗ್ಗಜರನ್ನು ಕೇಳಲು. ಅವರ ನಡುವೆ 44 ವರ್ಷದ ಜಾಝ್ ಟ್ರಂಪೆಟ್ ವಾದಕರೊಬ್ಬರು ಕೆಂಪು ಜಾಕೆಟ್ ತೊಟ್ಟು ವೇದಿಕೆಗೆ ಬಂದರು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ, ಯಾವ ಕೃತಿ ನುಡಿಸುತ್ತೇವೆಂಬ ಘೋಷಣೆಯೂ ಇಲ್ಲ. ಸುಮಾರು 35 ನಿಮಿಷ ಎಲ್ಲೂ ನಿಲ್ಲದೆ ನುಡಿಸಿ, ಬಂದ ಹಾಗೆಯೇ ಇಳಿದು ಹೋದರು. ನುಡಿಸಿದ್ದಕ್ಕೆ ಏನು ಹೆಸರಿಡಬೇಕೆಂದು ಕೇಳಿದವರಿಗೆ, ಏನಾದರೂ ಇಟ್ಟುಕೊಳ್ಳಿ ಎಂದರಂತೆ. ಆ ಧ್ವನಿಮುದ್ರಣ ‘ಕಾಲ್ ಇಟ್ ಎನಿಥಿಂಗ್’ ಎಂಬ ಹೆಸರಿನಲ್ಲೇ ಹೊರಬಂತು. ಅವರು ಮೈಲ್ಸ್ ಡೇವಿಸ್.

ಆ ಬಯಲಿನಲ್ಲಿದ್ದ ಬಹುಪಾಲು ಜನರಿಗೆ ಜಾಝ್ ಗೊತ್ತಿರಲಿಲ್ಲ. ಹಾಡಿರಲಿಲ್ಲ, ಗುನುಗಿಕೊಂಡು ಮನೆಗೆ ಹೋಗುವಂಥ ಸಾಲೂ ಇರಲಿಲ್ಲ. ಆದರೂ ಆ ಚಿತ್ರೀಕರಣವನ್ನು ಈಗ ನೋಡಿದರೆ ವೇದಿಕೆಯ ಮೇಲಿನ ಏಳು ಜನರಿಂದ ಕಣ್ಣು ಕೀಳಲಾಗುವುದಿಲ್ಲ. ಜಾಝ್-ರಾಕ್ ಫ್ಯೂಷನ್ ಎಂಬ ಸಂಗೀತವನ್ನು ಎದುರಿಗೆ ಕುಳಿತು ಕೇಳಿದವರೆಲ್ಲ ಒಂದು ರೋಮಾಂಚನದ ಮಾತಾಡುತ್ತಾರೆ. ಅದೇ ಸಂಗೀತವನ್ನು ಮನೆಯಲ್ಲಿ ಕೇಳಿದವರು ಅನೇಕರು ‘ಏನಪ್ಪಾ ಇದು ಗಲಾಟೆ’ ಎಂದು ಎರಡೇ ನಿಮಿಷಕ್ಕೆ ನಿಲ್ಲಿಸುತ್ತಾರೆ. ಸಂಗೀತ ಒಂದೇ, ಫಲ ಬೇರೆ. ಹೀಗೇಕೆ?

ಮೊದಲು ಹುಟ್ಟಿನ ಕತೆ. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಜಾಝ್ ಕೇಳುವ ಹೊಸ ಹುಡುಗರು ಕಡಿಮೆಯಾಗಿದ್ದರು. ಅವರೆಲ್ಲ ರಾಕ್ ಕಡೆ ಹೋಗಿದ್ದರು. ರಾಕ್ ಬಳಿ ವಿದ್ಯುತ್ತಿತ್ತು, ದೊಡ್ಡ ಸ್ಪೀಕರುಗಳಿದ್ದವು, ಕಾಲು ಕುಣಿಸುವ ಗಟ್ಟಿ ಪೆಟ್ಟಿತ್ತು. ಜಾಝ್ ಬಳಿ ಮನೋಧರ್ಮವಿತ್ತು: ಒಂದು ಪುಟ್ಟ ರಾಗಭಾಗವನ್ನು ಹಿಡಿದು, ಅದನ್ನು ಅಲ್ಲೇ ಆಗಲೇ ಬೆಳೆಸುವ ವಿದ್ಯೆ. ಈ ಎರಡನ್ನೂ ಬೆಸೆದದ್ದೇ ಫ್ಯೂಷನ್. 1969ರಲ್ಲಿ ಡ್ರಮ್ ವಾದಕ ಟೋನಿ ವಿಲಿಯಮ್ಸ್ ‘ಲೈಫ್‌ಟೈಮ್’ ತಂಡ ಕಟ್ಟಿದರು. ಅದೇ ವರ್ಷದ ಆಗಸ್ಟಿನಲ್ಲಿ, ವುಡ್‌ಸ್ಟಾಕ್ ಉತ್ಸವ ಮುಗಿದ ಬೆನ್ನಿಗೇ, ಡೇವಿಸ್ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಮೂರು ದಿನ ಕುಳಿತು ‘ಬಿಚಸ್ ಬ್ರೂ’ ಮುದ್ರಿಸಿದರು. ಡೇವಿಸ್ ಜತೆ ನುಡಿಸಿದವರೇ ಮುಂದೆ ಒಬ್ಬೊಬ್ಬರಾಗಿ ತಮ್ಮ ತಮ್ಮ ತಂಡ ಹೂಡಿದರು. ಜಾನ್ ಮೆಕ್‌ಲಾಗ್ಲಿನ್ ಅವರ ಮಹಾವಿಷ್ಣು ಆರ್ಕೆಸ್ಟ್ರಾ, ಜೋ ಝಾವಿನುಲ್ ಮತ್ತು ವೇಯ್ನ್ ಶಾರ್ಟರ್ ಅವರ ವೆದರ್ ರಿಪೋರ್ಟ್, ಚಿಕ್ ಕೊರಿಯಾ ಅವರ ರಿಟರ್ನ್ ಟು ಫಾರೆವರ್, ಹರ್ಬಿ ಹ್ಯಾನ್‌ಕಾಕ್ ಅವರ ಹೆಡ್‌ಹಂಟರ್ಸ್. ಒಂದೇ ಗುರುಮನೆಯ ಕವಲುಗಳು ಎನ್ನಬಹುದು.

ಕತ್ತರಿಯ ಸಂಗೀತ

ಈ ಪ್ರಕಾರಕ್ಕೆ ಹೆಸರು ತಂದ ‘ಬಿಚಸ್ ಬ್ರೂ’ ಇದೆಯಲ್ಲ, ಅದು ಕೇಳುಗರು ಊಹಿಸುವಂತೆ ಒಂದೇ ಉಸಿರಿನಲ್ಲಿ ನುಡಿಸಿದ್ದಲ್ಲ. ನಿರ್ಮಾಪಕ ಟಿಯೋ ಮಸೆರೋ ಟೇಪುಗಳನ್ನು ಬ್ಲೇಡಿನಿಂದ ಕತ್ತರಿಸಿ, ಬೇಕಾದ ತುಂಡನ್ನು ಮತ್ತೆ ಮತ್ತೆ ಅಂಟಿಸಿ, ಹಿಂದಿನದನ್ನು ಮುಂದಕ್ಕೆ ತಂದು ಅದನ್ನು ಕಟ್ಟಿದರು. ಸಿನಿಮಾ ಸಂಕಲನಕಾರನ ಕೆಲಸ ಅದು, ಅದ್ಭುತವಾದ ಕೆಲಸ. ಆದರೆ ಅದನ್ನು ಕೇಳುವವನಿಗೆ ಎಲ್ಲಿ ವಾದಕರ ನಿರ್ಧಾರ ಮುಗಿದು ಕತ್ತರಿಯ ನಿರ್ಧಾರ ಶುರುವಾಯಿತು ಎಂದು ತಿಳಿಯುವುದಿಲ್ಲ.

ಕಛೇರಿಗೂ ಇದೇ ಗತಿ ಬಂತು. 1970ರ ಜೂನ್ 17ರಿಂದ 20ರವರೆಗೆ ನಾಲ್ಕು ರಾತ್ರಿ ಡೇವಿಸ್ ತಂಡ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ ನುಡಿಸಿತು. ಬಿಲ್ ಗ್ರಹಾಂ ನಡೆಸುತ್ತಿದ್ದ, ರಾಕ್ ಪ್ರೇಕ್ಷಕರ ತವರುಮನೆಯಂತಿದ್ದ ಜಾಗ. ಡೇವಿಸ್ ಅಲ್ಲಿ ಮುಖ್ಯ ಕಲಾವಿದರೂ ಆಗಿರಲಿಲ್ಲ. ಗಾಯಕಿ ಲಾರಾ ನೀರೋ ಅವರ ಕಾರ್ಯಕ್ರಮಕ್ಕೆ ಮೊದಲು ಅವರದು. ಆ ವರ್ಷವೇ ಬಂದ ಎರಡು ಡಿಸ್ಕಿನ ಆಲ್ಬಮ್ಮಿನಲ್ಲಿ ಒಂದೊಂದು ರಾತ್ರಿಯನ್ನು ಕತ್ತರಿಸಿ ಒಂದೊಂದು ಮಗ್ಗುಲಿಗೆ ಹಿಡಿಸಿದ್ದರು. ಪೂರ್ತಿ ಕಛೇರಿಗಳು ಅಧಿಕೃತವಾಗಿ ಹೊರಬರಲು 2014ರವರೆಗೆ ಕಾಯಬೇಕಾಯಿತು. ಎರಡನ್ನೂ ಇಟ್ಟುಕೊಂಡು ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕತ್ತರಿಸಿದ್ದರಲ್ಲಿ ಬೆಟ್ಟದ ತುದಿಗಳು ಮಾತ್ರ ಇವೆ. ಪೂರ್ತಿ ಮುದ್ರಣದಲ್ಲಿ ಹತ್ತಿದ ಏದುಸಿರೂ ಇದೆ, ನಡುವೆ ದಾರಿ ಸಿಗದೆ ಸುತ್ತಿದ್ದೂ ಇದೆ. ಚಿಕ್ ಕೊರಿಯಾ ಮತ್ತು ಕೀತ್ ಜ್ಯಾರೆಟ್ ಇಬ್ಬರೂ ವಿದ್ಯುತ್ ಕೀಬೋರ್ಡುಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕರ್ಕಶ ಧ್ವನಿಗಳ ಕಾಡಿನಲ್ಲಿ ಅಲೆಯುತ್ತಾರೆ. ಇದು ಎಲ್ಲಿಗೂ ಹೋಗಿ ಮುಟ್ಟುವುದಿಲ್ಲ ಎನ್ನಿಸುವ ಹೊತ್ತಿಗೆ ಡೇವ್ ಹಾಲಂಡ್ ಬೇಸಿನ ಒಂದು ಸಾಲು ಎತ್ತಿಕೊಳ್ಳುತ್ತಾರೆ, ಜ್ಯಾಕ್ ಡಿಜಾನೆಟ್ ಡ್ರಮ್ ಅದರ ಬೆನ್ನಿಗೆ ಬೀಳುತ್ತದೆ, ಎಲ್ಲರೂ ಒಮ್ಮೆಗೇ ರಸ್ತೆಗೆ ಬರುತ್ತಾರೆ. ಆ ಘಳಿಗೆಯ ಸುಖಕ್ಕೆ ಹಿಂದಿನ ಅಲೆದಾಟವೇ ಬೆಲೆ ತೆತ್ತಿರುತ್ತದೆ. ಅಲೆದಾಟವನ್ನು ಕತ್ತರಿಸಿ ಬಿಸಾಡಿದರೆ ಸುಖವೂ ಅಷ್ಟು ಅಗ್ಗವಾಗುತ್ತದೆ.

ನನ್ನ ವಾದ ಇಷ್ಟೇ. ಈ ಸಂಗೀತದ ರೋಮಾಂಚನ ಇರುವುದು ಸದ್ದಿನಲ್ಲೂ ಅಲ್ಲ, ಬೆರಳಿನ ವೇಗದಲ್ಲೂ ಅಲ್ಲ. ನಾಲ್ಕೈದು ಜನ ನಮ್ಮ ಕಣ್ಣೆದುರೇ ಬೇರೆ ಬೇರೆ ದಾರಿ ಹಿಡಿದು, ತಪ್ಪಿಹೋಗುವ ಅಪಾಯವನ್ನು ಬೇಕೆಂದೇ ಮೈಮೇಲೆ ಎಳೆದುಕೊಂಡು, ಕೊನೆಗೆ ಒಂದೇ ಬಿಂದುವಿಗೆ ಬಂದು ಸೇರುವುದರಲ್ಲಿ.

ವೇದಿಕೆಯ ಮೇಲೆ ನಡೆಯುವುದೇನು?

ಫ್ಯೂಷನ್ ಕೃತಿಯೊಂದರಲ್ಲಿ ಬರೆದಿಟ್ಟ ಭಾಗ ಸಾಮಾನ್ಯವಾಗಿ ಚಿಕ್ಕದು. ಮೊದಲಿಗೆ ಎಲ್ಲರೂ ಸೇರಿ ನುಡಿಸುವ ಒಂದು ರಾಗಭಾಗ, ಅದಕ್ಕೆ ‘ಹೆಡ್’ ಎನ್ನುತ್ತಾರೆ. ನಮ್ಮ ಪಲ್ಲವಿಯ ಜಾಗದಲ್ಲಿ ಅದು ನಿಂತಿದೆ. ಆಮೇಲೆ ಬೇಸ್ ಮತ್ತು ಡ್ರಮ್ ಒಂದು ಆವರ್ತವನ್ನು ಹಿಡಿದು ಸುತ್ತುತ್ತಿರುತ್ತವೆ. ಅದರ ಮೇಲೆ ಒಬ್ಬೊಬ್ಬರೇ ತಮ್ಮ ಮನೋಧರ್ಮ ತೋರಿಸುತ್ತಾರೆ. ಎಷ್ಟು ಸುತ್ತು ಎಂದು ಎಲ್ಲೂ ಬರೆದಿರುವುದಿಲ್ಲ. ಸೋಲೋ ನುಡಿಸುವವರು ಏರುತ್ತಿದ್ದರೆ ಡ್ರಮ್ಮಿನವರು ಅವರನ್ನು ಇನ್ನೂ ಮೇಲೆ ತಳ್ಳಬಹುದು, ಅಥವಾ ಇದ್ದಕ್ಕಿದ್ದಂತೆ ಕೈ ಸಡಿಲಿಸಿ ಅವರನ್ನು ಒಂಟಿಯಾಗಿ ಬಿಡಬಹುದು. ಕೀಬೋರ್ಡಿನವರು ಒಂದು ವಿಚಿತ್ರ ಸ್ವರಗುಚ್ಛ ಒತ್ತಿ ದಿಕ್ಕನ್ನೇ ಬದಲಿಸಬಹುದು. ಕೊನೆಗೊಂದು ಸನ್ನೆ, ಮತ್ತೆ ‘ಹೆಡ್’, ಮುಕ್ತಾಯ.

ಸನ್ನೆ ಎಂದರೆ ಯಾವಾಗಲೂ ಕೈಬೀಸಲ್ಲ. 1970ರ ಹೊತ್ತಿನ ಡೇವಿಸ್ ಕಛೇರಿಗಳಲ್ಲಿ ಕೃತಿಗಳ ನಡುವೆ ನಿಲುಗಡೆಯೇ ಇರಲಿಲ್ಲ. ಸದ್ದಿನ ನಡುವೆ ಡೇವಿಸ್ ಟ್ರಂಪೆಟ್ಟಿನಲ್ಲಿ ಮುಂದಿನ ಕೃತಿಯ ನಾಲ್ಕಾರು ಸ್ವರ ಊದುತ್ತಿದ್ದರು, ಅಷ್ಟೇ. ಉಳಿದ ಆರು ಜನ ಅದನ್ನು ಹಿಡಿದು ಆ ಕ್ಷಣಕ್ಕೇ ಅತ್ತ ಹೊರಳಬೇಕು. ಪ್ರೇಕ್ಷಕರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ, ಸೊಕ್ಕಿನ ಮನುಷ್ಯ ಎಂದು ಜನ ಬೈಯುತ್ತಿದ್ದರು. ತಂಡದ ಕಡೆ ಮುಖ ಮಾಡದೆ ಹೀಗೆ ನಡೆಸುವುದು ಹೇಗೆ ಸಾಧ್ಯ ಎಂದು ಕೇಳಿಕೊಂಡರೆ ಆ ಬೈಗುಳಕ್ಕೆ ಉತ್ತರ ಸಿಗುತ್ತದೆ.

ಇನ್ನು ತಾಳದ ಮಾತು. ಸಾಮಾನ್ಯ ರಾಕ್ ಹಾಡು ನಾಲ್ಕರ ಎಣಿಕೆಯಲ್ಲಿ ನಡೆಯುತ್ತದೆ, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಗಟ್ಟಿ ಪೆಟ್ಟು. ಮೊದಲ ಸಲ ಕೇಳುವವನೂ ಚಪ್ಪಾಳೆ ಹಾಕಬಹುದು. ಮಹಾವಿಷ್ಣು ಆರ್ಕೆಸ್ಟ್ರಾ ಈ ನೆಮ್ಮದಿಯನ್ನು ಕಿತ್ತುಕೊಂಡಿತು. ಅವರ ‘ಬರ್ಡ್ಸ್ ಆಫ್ ಫೈರ್’ ಹದಿನೆಂಟರ ಎಣಿಕೆಯಲ್ಲಿದೆ, ‘ಸೆಲೆಸ್ಟಿಯಲ್ ಟೆರೆಸ್ಟ್ರಿಯಲ್ ಕಮ್ಯೂಟರ್ಸ್’ ಹತ್ತೊಂಬತ್ತರಲ್ಲಿ. ಹದಿನೆಂಟನ್ನು ಮೂರು ಮೂರಾಗಿಯೂ ಎಣಿಸಬಹುದು, ಐದು ಐದು ಐದು ಮೂರು ಎಂದೂ ಒಡೆಯಬಹುದು. ಒಬ್ಬರು ಒಂದು ಬಗೆ, ಇನ್ನೊಬ್ಬರು ಇನ್ನೊಂದು ಬಗೆ ಒಡೆದರೂ ಆವರ್ತದ ಕೊನೆಗೆ ಇಬ್ಬರೂ ಸಮಕ್ಕೆ, ಅಂದರೆ ಮುಂದಿನ ಆವರ್ತದ ಮೊದಲ ಪೆಟ್ಟಿಗೆ, ಬಂದು ಸೇರುತ್ತಾರೆ. ನಡುವೆ ಮಾತ್ರ ಪೆಟ್ಟುಗಳು ಒಂದಕ್ಕೊಂದು ಅಡ್ಡ ಬರುತ್ತವೆ. ಕೇಳುಗನ ಕಾಲು ತಾಳ ಹಿಡಿಯಲು ಹೋಗಿ ಜಾರುತ್ತದೆ, ಮತ್ತೆ ಹುಡುಕುತ್ತದೆ. ಈ ಜಾರುವುದು, ಹುಡುಕುವುದು, ಒಮ್ಮೆಗೇ ಸಿಕ್ಕಿಬಿಡುವುದು, ಇವು ಮೈಯಲ್ಲಿ ನಡೆಯುವ ಸಂಗತಿಗಳು. ಧ್ವನಿಮುದ್ರಣದಲ್ಲಿ ಆ ಸುಖ ಎರಡನೆಯ ಸಲಕ್ಕೇ ಅರ್ಧ ಕರಗಿಹೋಗುತ್ತದೆ, ಏಕೆಂದರೆ ಮುಂದೇನು ಎಂದು ಗೊತ್ತಿರುತ್ತದೆ.

ಆ ತಂಡ 1971ರಿಂದ 1973ರವರೆಗೆ ನುಡಿಸಿದ ಬಗೆಯನ್ನು ನೆನೆದರೆ ಇವತ್ತಿಗೂ ಅಚ್ಚರಿ. ಇಂಗ್ಲೆಂಡಿನ ಯಾರ್ಕ್‌ಷೈರಿನ ಮೆಕ್‌ಲಾಗ್ಲಿನ್ ಎರಡು ಕತ್ತಿನ ಗಿಟಾರ್ ಹಿಡಿದು ನಡುವೆ ನಿಲ್ಲುತ್ತಿದ್ದರು. ಪನಾಮಾದಲ್ಲಿ ಹುಟ್ಟಿದ ಬಿಲ್ಲಿ ಕಾಬ್‌ಹ್ಯಾಮ್ ಡ್ರಮ್, ಪ್ರಾಗ್ ನಗರದ ಯಾನ್ ಹ್ಯಾಮರ್ ಕೀಬೋರ್ಡ್, ಅಮೆರಿಕದ ಜೆರ್ರಿ ಗುಡ್‌ಮನ್ ವಿದ್ಯುತ್ ಪಿಟೀಲು, ಐರ್ಲೆಂಡಿನ ರಿಕ್ ಲೇರ್ಡ್ ಬೇಸ್. ಅಧ್ಯಾತ್ಮ ಗುರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿದ್ದ ಮೆಕ್‌ಲಾಗ್ಲಿನ್ ಬಿಳಿ ಬಟ್ಟೆ ತೊಟ್ಟು ಬಂದು, ಮೊದಲಿಗೆ ಪ್ರೇಕ್ಷಕರಲ್ಲಿ ಸ್ವಲ್ಪ ಹೊತ್ತಿನ ಮೌನ ಕೇಳುತ್ತಿದ್ದರು. ರಾಕ್ ಸಭೆಯಲ್ಲಿ ಮೌನ! ಆಮೇಲೆ ಅಪ್ಪಳಿಸುತ್ತಿದ್ದ ಸದ್ದಿಗೆ ಆ ಮೌನವೇ ಅರ್ಧ ಬಲ ಕೊಡುತ್ತಿತ್ತು. ಗಿಟಾರ್, ಪಿಟೀಲು, ಮೂಗ್ ಸಿಂಥಸೈಜರ್ ಮೂರೂ ಪಂಕ್ತಿಗಳನ್ನು ಒಂದರಿಂದೊಂದು ಕಸಿದುಕೊಳ್ಳುತ್ತಿದ್ದವು. ಮೊದಮೊದಲು ನಾಲ್ಕು ಸುತ್ತಿಗೊಬ್ಬರು, ಆಮೇಲೆ ಎರಡು, ಆಮೇಲೆ ಒಂದು, ಕೊನೆಗೆ ಅರ್ಧರ್ಧ ಸುತ್ತು. ಹಿಂದೂಸ್ತಾನಿಯವರು ಸವಾಲ್-ಜವಾಬ್ ಎನ್ನುವುದು ಇದನ್ನೇ. ಹ್ಯಾಮರ್ ಕೀಬೋರ್ಡಿನ ಚಕ್ರ ತಿರುಗಿಸಿ ಸ್ವರಗಳನ್ನು ಗಿಟಾರಿನಂತೆಯೇ ಜಾರಿಸುತ್ತಿದ್ದುದರಿಂದ, ಕಣ್ಣು ಮುಚ್ಚಿದರೆ ಯಾರ ಸರದಿ ಎಂದೇ ತಿಳಿಯುವುದು ಕಷ್ಟವಾಗಿತ್ತು.

ಕಛೇರಿ ಏನು ಮಾಡುತ್ತದೆ ಎಂಬುದಕ್ಕೆ ಈ ತಂಡವೇ ಒಂದು ಲೆಕ್ಕದ ಸಾಕ್ಷಿ ಬಿಟ್ಟುಹೋಗಿದೆ. 1973ರ ಬೇಸಿಗೆಯಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಮುದ್ರಿಸಿದ ‘ಡ್ರೀಮ್’ ಎಂಬ ಕೃತಿ ಹನ್ನೊಂದು ನಿಮಿಷದ್ದು. ತಂಡದೊಳಗಿನ ಜಗಳದಿಂದ ಆ ಆಲ್ಬಮ್ ಪೆಟ್ಟಿಗೆ ಸೇರಿ 1999ರಲ್ಲಿ ಹೊರಬಂತು. ಅದೇ ಕೃತಿಯನ್ನು ಅದೇ ವರ್ಷದ ಆಗಸ್ಟಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಜನರೆದುರು ನುಡಿಸಿದಾಗ ಅದು ಇಪ್ಪತ್ತೊಂದು ನಿಮಿಷ ದಾಟಿತು. ಹೆಚ್ಚಿನ ಹತ್ತು ನಿಮಿಷ ಯಾರ ಕಾಗದದಲ್ಲೂ ಇದ್ದದ್ದಲ್ಲ. ತಂಡ ಒಡೆಯುವ ಹಂತದಲ್ಲಿತ್ತು, ಒಬ್ಬರಿಗೊಬ್ಬರಿಗೆ ಮಾತು ಕಡಿಮೆಯಾಗಿತ್ತು. ವರ್ಷದ ಕೊನೆಗೆ ಒಡೆದೇ ಹೋಯಿತು. ಆದರೂ ವೇದಿಕೆಯ ಮೇಲೆ ಕಿವಿಗಳು ಮುಚ್ಚಿರಲಿಲ್ಲ.

ಕೇಳುಗರ ಕಣ್ಣು ಸಹಜವಾಗಿಯೇ ಗಿಟಾರಿನ ಮೇಲಿರುತ್ತದೆ. ತೇರಿನಲ್ಲಿ ಎಲ್ಲರೂ ನೋಡುವುದು ಕಳಶವನ್ನು, ಆದರೆ ಗಾಲಿಗೆ ಮರದ ತುಂಡು ಕೊಟ್ಟು ತೇರನ್ನು ತಿರುಗಿಸುವವರು ಕೆಳಗೆ ಬಗ್ಗಿರುತ್ತಾರೆ. ಬೇಸ್ ಮತ್ತು ಡ್ರಮ್ಮಿನವರ ಕೆಲಸ ಅದು. ವೆದರ್ ರಿಪೋರ್ಟ್ ತಂಡಕ್ಕೆ 1976ರಲ್ಲಿ ಜಾಕೋ ಪಾಸ್ಟೋರಿಯಸ್ ಸೇರಿದ ಮೇಲೆ ಆ ಕೆಳಗಿನ ಕೆಲಸವೇ ವೇದಿಕೆಯ ಮುಂದಕ್ಕೆ ಬಂತು. ಮೆಟ್ಟಿಲುಗಳಿಲ್ಲದ ಬೇಸ್ ಗಿಟಾರಿನಲ್ಲಿ ಅವರು ಗಮಕದಂತೆ ಸ್ವರ ಜಾರಿಸುತ್ತಿದ್ದರು, ತಾಳವನ್ನೂ ಬಿಡುತ್ತಿರಲಿಲ್ಲ. ನಾಲ್ಕೇ ಜನರ ಆ ತಂಡದ ಕಛೇರಿಗಳಿಂದಲೇ ಬಹುಪಾಲು ಆಯ್ದು ಮಾಡಿದ ‘8:30’ ಆಲ್ಬಮ್ 1979ರಲ್ಲಿ ಬಂತು, ಗ್ರ್ಯಾಮಿಯನ್ನೂ ಪಡೆಯಿತು. ಅಲ್ಲಿ ಯಾರು ಸೋಲೋ, ಯಾರು ಪಕ್ಕವಾದ್ಯ ಎಂದು ಬೆರಳಿಟ್ಟು ತೋರಿಸುವುದು ಸುಲಭವಲ್ಲ.

ಸದ್ದು ಇಳಿಸಿದರೂ ಉಳಿಯುವುದು

ಸದ್ದಿನದೇ ಮಜಾ ಎನ್ನುವವರಿಗೆ ಮೆಕ್‌ಲಾಗ್ಲಿನ್ ಅವರೇ ಉತ್ತರ ಕೊಟ್ಟರು. ಮಹಾವಿಷ್ಣುವಿನ ಆ ಭಾರಿ ಸ್ಪೀಕರುಗಳನ್ನು ಬದಿಗಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಮರದ ಗಿಟಾರ್ ಹಿಡಿದು ‘ಶಕ್ತಿ’ ತಂಡದಲ್ಲಿ ಕುಳಿತರು. ಜತೆಗೆ ಪಿಟೀಲಿಗೆ ಎಲ್. ಶಂಕರ್, ತಬಲಾಕ್ಕೆ ಝಾಕಿರ್ ಹುಸೇನ್, ಘಟಕ್ಕೆ ಟಿ.ಎಚ್. ವಿನಾಯಕರಾಂ, ಮೃದಂಗಕ್ಕೆ ರಾಮನಾಡ್ ರಾಘವನ್. ಅವರ ಮೊದಲ ಆಲ್ಬಮ್ 1975ರ ಜುಲೈ 5ರಂದು ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಕಾಲೇಜೊಂದರಲ್ಲಿ ನಡೆದ ಕಛೇರಿಯ ಮುದ್ರಣ. ಡ್ರಮ್ ಇಲ್ಲ, ವಿದ್ಯುತ್ ಗಿಟಾರ್ ಇಲ್ಲ, ಆದರೂ ಪ್ರೇಕ್ಷಕರ ಕೂಗು ರಾಕ್ ಸಭೆಯದೇ. ಸಂಗೀತಗಾರರ ನಡುವಿನ ಆ ಎಳೆದಾಟ ಉಳಿದಿದ್ದರೆ ಸಾಕು, ಸದ್ದು ಎಷ್ಟಾದರೂ ಇರಲಿ ಎಂಬುದು ಅಲ್ಲಿ ಸಾಬೀತಾಯಿತು. ಮೆಕ್‌ಲಾಗ್ಲಿನ್ ಇದಕ್ಕಾಗಿ ಶಿಷ್ಯವೃತ್ತಿಯನ್ನೂ ಮಾಡಿದ್ದರು. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತವರು ಅವರು. ಬಾಯಲ್ಲೇ ತಾಳದ ಸೊಲ್ಲು ಹೇಳುವ ಕೊನ್ನಕೋಲಿನ ಬಗ್ಗೆ ಖಂಜಿರ ವಾದಕ ಸೆಲ್ವಗಣೇಶ್ ಜತೆಗೂಡಿ ಪಾಠದ ಡಿವಿಡಿಯನ್ನೇ ಹೊರತಂದರು.

ಕನ್ನಡದ ಕೇಳುಗರಿಗೆ ಇಲ್ಲೊಂದು ಅನುಕೂಲವಿದೆ. ಚಾಮರಾಜಪೇಟೆಯ ಕೋಟೆ ಮೈದಾನದ ರಾಮೋತ್ಸವದಲ್ಲೋ ಊರಿನ ಗಣೇಶೋತ್ಸವದಲ್ಲೋ ತನಿ ಆವರ್ತನ ಕೇಳಿ ಬೆಳೆದವರಿಗೆ ಫ್ಯೂಷನ್ನಿನ ಅರ್ಧ ವ್ಯಾಕರಣ ಆಗಲೇ ಗೊತ್ತಿರುತ್ತದೆ. ಮೃದಂಗ, ಘಟ, ಖಂಜಿರಗಳು ಸರದಿ ಸರದಿಯಲ್ಲಿ ನುಡಿಸಿ, ಸರದಿಯನ್ನು ಚಿಕ್ಕದು ಮಾಡುತ್ತ ಬಂದು, ಕೊನೆಗೆ ಕೂಡಿ ಮುಕ್ತಾಯದ ಕೋರ್ವೆ ಕಟ್ಟುವುದು ಅದೇ ಕ್ರಮ. ಹದಿನಾರು ಅಕ್ಷರದ ಆವರ್ತದಲ್ಲಿ ‘ತದಿಗಿಣತೊಂ’ ಎಂಬ ಐದಕ್ಷರದ ಸೊಲ್ಲನ್ನು ಮೂರು ಸಲ ಹೇಳಿದರೆ ಹದಿನೈದಾಯಿತು. ಅದನ್ನು ಎರಡನೆಯ ಅಕ್ಷರದಿಂದ ಶುರು ಮಾಡಿದರೆ ಮುಗಿದ ಮರುಕ್ಷಣವೇ ಸಮ. ಮೊದಲ ಸಲ ಹೇಳಿದಾಗ ಸಭೆಗೆ ಅನುಮಾನ, ಎರಡನೆಯ ಸಲಕ್ಕೆ ಅಂದಾಜು, ಮೂರನೆಯದಕ್ಕೆ ನೂರು ಕೈಗಳು ತೊಡೆಯ ಮೇಲೆ ಒಟ್ಟಿಗೆ ಬೀಳುತ್ತವೆ. ಮಿಶ್ರ ಛಾಪು ಹಾಕಬಲ್ಲವರಿಗೆ ಫ್ಯೂಷನ್ನಿನ ಏಳರ ಎಣಿಕೆ ಹೆದರಿಕೆಯ ವಸ್ತುವಲ್ಲ. ಖಂಡ ಛಾಪು ಗೊತ್ತಿದ್ದರೆ ಐದೂ ಹಾಗೆಯೇ. ನ್ಯೂಯಾರ್ಕಿನ ಕೇಳುಗ ಹೊಸದಾಗಿ ಕಲಿಯಬೇಕಾದ್ದನ್ನು ಬಸವನಗುಡಿಯ ಅಜ್ಜಿ ಬೆರಳೆಣಿಸಿಯೇ ಹಿಡಿದಾರು.

ಈ ನಂಟನ್ನು ಬೆಂಗಳೂರಿನವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಮೂಲಕ ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಯುರೋಪಿನ ಜಾಝ್ ವೇದಿಕೆಗಳನ್ನು ಏರಿದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ, ಸ್ವತಃ ನಾಗಸ್ವರ ಕಲಿತವರು, ಇವರೊಂದಿಗೆ ನುಡಿಸಿದ ‘ಜ್ಯೋತಿ’ ಆಲ್ಬಮ್ಮನ್ನು ಜರ್ಮನಿಯ ಇಸಿಎಂ ಸಂಸ್ಥೆ 1983ರಲ್ಲಿ ಹೊರತಂದಿತು. ದಕ್ಷಿಣ ಕನ್ನಡದ ಸ್ಯಾಕ್ಸೊಫೋನ್ ವಿದ್ವಾನ್ ಕದ್ರಿ ಗೋಪಾಲನಾಥ್ ಅವರ ಕತೆಯೂ ಹೀಗೆಯೇ. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರನ್ನು ಕೇಳಿ ಜತೆಗೆ ನುಡಿಸಲು ಕರೆದರು. ವರ್ಷಗಳ ನಂತರ ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ, ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಕದ್ರಿಯವರ ಧ್ವನಿಮುದ್ರಿಕೆ ಕೇಳಿ ಬೆರಗಾದರು. ಮುಂದೆ ಇಬ್ಬರೂ ಸೇರಿ 2008ರಲ್ಲಿ ‘ಕಿನ್ಸ್‌ಮೆನ್’ ಮಾಡಿದರು. ಎರಡು ಸ್ಯಾಕ್ಸೊಫೋನುಗಳು, ಒಂದು ಕಡೆ ಕನ್ಯಾಕುಮಾರಿಯವರ ಪಿಟೀಲು, ಇನ್ನೊಂದು ಕಡೆ ರೆಜ್ ಅಬ್ಬಾಸಿಯವರ ವಿದ್ಯುತ್ ಗಿಟಾರ್. ಅಲ್ಲಿ ಯಾರೂ ಯಾರಿಗೂ ಮರ್ಯಾದೆಗೆಂದು ಜಾಗ ಬಿಟ್ಟುಕೊಡುವುದಿಲ್ಲ, ನಿಜವಾಗಿಯೂ ವಾದಕ್ಕೆ ಇಳಿಯುತ್ತಾರೆ.

ಎಲ್ಲಿ ಸೋಲುತ್ತದೆ

ಈ ಸಂಗೀತದ ವಿರುದ್ಧ ಇರುವ ದೂರುಗಳೆಲ್ಲ ಸುಳ್ಳಲ್ಲ. 1970ರ ದಶಕದ ನಡುವಿನ ಹೊತ್ತಿಗೇ ಅನೇಕ ತಂಡಗಳು ಕಸರತ್ತಿಗೆ ಇಳಿದಿದ್ದವು. ಎಷ್ಟು ವೇಗ, ಎಷ್ಟು ಕಠಿಣ ಎಣಿಕೆ ಎಂಬ ಪೈಪೋಟಿ. ಎಲ್ಲವನ್ನೂ ಮೊದಲೇ ಬರೆದು, ಮನೆಯಲ್ಲಿ ಉರು ಹೊಡೆದು, ವೇದಿಕೆಯ ಮೇಲೆ ಒಪ್ಪಿಸಿದರೆ ಅಲ್ಲಿ ಅಪಾಯ ಇರುವುದಿಲ್ಲ. ಅಪಾಯವಿಲ್ಲದ ಕಡೆ ಸೇರುವ ಸುಖವೂ ಇಲ್ಲ. ಕೇಳುಗ ಬೆರಗಾಗಿ ಚಪ್ಪಾಳೆ ಹೊಡೆದು ಮರೆತುಬಿಡುತ್ತಾನೆ.

ನಮ್ಮಲ್ಲಿ ಸೋಲು ಬೇರೆ ರೂಪದಲ್ಲಿ ಬರುತ್ತದೆ. ಒಂದು ಕೀಬೋರ್ಡ್, ಒಂದು ತಬಲಾ, ಒಂದು ಕೊಳಲು, ಹಿಂದೆ ಯಂತ್ರ ಬಾರಿಸುವ ತಾಳ, ಮೇಲೊಂದು ಜನಪ್ರಿಯ ಕೀರ್ತನೆ. ಕಂಪನಿಗಳ ವಾರ್ಷಿಕೋತ್ಸವಕ್ಕೂ ಮದುವೆಯ ಆರತಕ್ಷತೆಗೂ ಒದಗುವ ಈ ಸರಕಿನಲ್ಲಿ ವಾದ್ಯಗಳು ಬೆರೆತಿರುತ್ತವೆ, ಸಂಗೀತಗಾರರು ಬೆರೆತಿರುವುದಿಲ್ಲ. ಯಂತ್ರದ ತಾಳ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ತಬಲಾದವರು ಹೊಸ ದಾರಿ ತೋರಿಸಿದರೆ ಅದು ಹಿಂದೆ ಬರುವುದಿಲ್ಲ, ಅವರೇ ಅದರ ಹಿಂದೆ ಓಡಬೇಕು. ಡಿಜಾನೆಟ್ ಇದ್ದ ಜಾಗದಲ್ಲಿ ಒಂದು ಗುಂಡಿ ಇದ್ದಿದ್ದರೆ ಫಿಲ್‌ಮೋರಿನ ಆ ರಾತ್ರಿಗಳು ಏನಾಗುತ್ತಿದ್ದವು ಎಂದು ಊಹಿಸಿದರೆ ಸಾಕು.

ಹಾಗೆಂದು ಈ ಪ್ರಕಾರ ಮುಗಿದಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಮೈಕಲ್ ಲೀಗ್ 2004ರಲ್ಲಿ ಕಟ್ಟಿದ ಸ್ನಾರ್ಕಿ ಪಪ್ಪಿ ತಂಡ ಸ್ಟುಡಿಯೋ ಮತ್ತು ಕಛೇರಿಯ ಜಗಳಕ್ಕೆ ಒಂದು ಜಾಣ ರಾಜಿ ಹುಡುಕಿತು. 2013ರಲ್ಲಿ ನೆದರ್ಲೆಂಡ್ಸಿನ ಉಟ್ರೆಕ್ಟ್ ನಗರದಲ್ಲಿ ‘ವಿ ಲೈಕ್ ಇಟ್ ಹಿಯರ್’ ಮುದ್ರಿಸುವಾಗ ಕೇಳುಗರನ್ನು ಸಂಗೀತಗಾರರ ನಡುವೆಯೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟರು. ಡ್ರಮ್ ವಾದಕ ಲಾರ್ನೆಲ್ ಲೂಯಿಸ್ ಕೊನೆಯ ಗಳಿಗೆಯಲ್ಲಿ ಕರೆ ಬಂದು, ವಿಮಾನದಲ್ಲಿ ಹಾಡುಗಳನ್ನು ಕೇಳಿಕೊಂಡೇ ಬಂದವರು. ಅದರ ‘ಲಿಂಗಸ್’ ಕೃತಿಯಲ್ಲಿ ಕೋರಿ ಹೆನ್ರಿ ಕೀಬೋರ್ಡಿನ ಸೋಲೋ ನುಡಿಸುವಾಗ ವೀಡಿಯೊದಲ್ಲಿ ಅವರ ಬೆರಳುಗಳಿಗಿಂತ ಹೆಚ್ಚು ನೋಡಬೇಕಾದ್ದು ಪಕ್ಕದವರ ಮುಖಗಳನ್ನು. ಹೀಗಾಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ ಎಂಬುದು ಆ ಮುಖಗಳಲ್ಲಿ ಬರೆದಿದೆ. ಆ ಮುಖಗಳನ್ನು ನೋಡಲೆಂದೇ ಲಕ್ಷಾಂತರ ಜನ ಆ ವೀಡಿಯೊಗೆ ಮರಳುತ್ತಾರೆ.

ಶಕ್ತಿ ತಂಡವೂ ಐವತ್ತನೆಯ ವರ್ಷದ ಹೊಸ್ತಿಲಲ್ಲಿ ಮತ್ತೆ ಕೂಡಿತು. ಈ ಸಲ ಗಾಯಕ ಶಂಕರ್ ಮಹಾದೇವನ್, ಪಿಟೀಲಿನ ಗಣೇಶ್ ರಾಜಗೋಪಾಲನ್, ಸೆಲ್ವಗಣೇಶ್ ಜತೆಗಿದ್ದರು. 2023ರ ಜನವರಿಯಲ್ಲಿ ಬೆಂಗಳೂರಿನಲ್ಲೂ ನುಡಿಸಿತು. ಅದೇ ವರ್ಷ ಬಂದ ‘ದಿಸ್ ಮೊಮೆಂಟ್’ ಆಲ್ಬಮ್ಮಿಗೆ 2024ರಲ್ಲಿ ಗ್ರ್ಯಾಮಿ ಸಿಕ್ಕಿತು. ಆ ವರ್ಷದ ಡಿಸೆಂಬರಿನಲ್ಲಿ ಝಾಕಿರ್ ಹುಸೇನ್ ತೀರಿಕೊಂಡರು. ಎಂಬತ್ತು ದಾಟಿದ ಮೆಕ್‌ಲಾಗ್ಲಿನ್ ಮತ್ತು ಎಪ್ಪತ್ತು ದಾಟಿದ ಝಾಕಿರ್ ಒಬ್ಬರನ್ನೊಬ್ಬರು ನೋಡುತ್ತ ನಗುತ್ತಿದ್ದ ಆ ಕಛೇರಿಗಳನ್ನು ಕಂಡವರಿಗೆ, ಐವತ್ತು ವರ್ಷದ ಒಡನಾಟದ ಮೇಲೂ ಒಬ್ಬರು ಇನ್ನೊಬ್ಬರನ್ನು ಬೆಚ್ಚಿಬೀಳಿಸಬಲ್ಲರು ಎಂಬುದು ಗೊತ್ತಾಗಿತ್ತು.

ಕೇಳಲು ಹೋಗುವವರಿಗೆ

ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್‌ನಂಥ ಜಾಗಗಳಲ್ಲಿ ಈಗ ಬೆಂಗಳೂರಿನಲ್ಲೇ ಇಂಥ ಕಛೇರಿಗಳು ನಡೆಯುತ್ತವೆ. ಹೋಗುವುದಾದರೆ ಡ್ರಮ್ ವಾದಕರ ಕೈ ಕಾಣುವ ಜಾಗ ಹಿಡಿಯಿರಿ. ದೊಡ್ಡ ಸಭಾಂಗಣವಾದರೆ ಧ್ವನಿ ಹೊಂದಿಸುವವರ ಮೇಜಿನ ಹತ್ತಿರ ಕುಳಿತರೆ ವಾದ್ಯಗಳು ಹದವಾಗಿ ಬೆರೆತು ಕೇಳಿಸುತ್ತವೆ, ಏಕೆಂದರೆ ಅವರು ಹೊಂದಿಸುವುದು ತಮ್ಮ ಕಿವಿಗೆ. ಸದ್ದು ಅತಿಯೆನಿಸಿದರೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲು ನಾಚಿಕೆ ಬೇಡ, ಸಂಗೀತಗಾರರೇ ಹಾಕಿಕೊಂಡಿರುತ್ತಾರೆ. ಆರಂಭದ ರಾಗಭಾಗವನ್ನು ಗಮನವಿಟ್ಟು ಕೇಳಿ, ಬೇಸಿನ ಸಾಲನ್ನು ಮನಸ್ಸಿನಲ್ಲಿ ಹಿಡಿದುಕೊಳ್ಳಿ. ಸೋಲೋ ಎಷ್ಟು ದೂರ ಹೋದರೂ ಆ ಸಾಲು ಮನೆಯ ದಾರಿ ತೋರಿಸುತ್ತಿರುತ್ತದೆ. ತಾಳ ತಪ್ಪಿದರೆ ತಪ್ಪಲಿ, ಮತ್ತೆ ಸಿಗುತ್ತದೆ. ವಾದಕರು ಒಬ್ಬರನ್ನೊಬ್ಬರು ಕಣ್ಣೆತ್ತಿ ನೋಡಿದ ಕ್ಷಣ ಏನೋ ಬದಲಾಗಲಿದೆ ಎಂದು ತಿಳಿಯಿರಿ. ಮೊಬೈಲ್ ಎತ್ತಿ ಹಿಡಿದವರು ಸರಿಯಾಗಿ ಆ ನೋಟವನ್ನೇ ಕಳೆದುಕೊಳ್ಳುತ್ತಾರೆ.

ಎಲ್ಲ ರಾತ್ರಿಯೂ ಕೂಡಿಬರುವುದಿಲ್ಲ. ಕೆಲವು ಕಛೇರಿಗಳಲ್ಲಿ ಅಲೆದಾಟವೇ ಉಳಿದು ದಾರಿ ಸಿಗದೆ ಹೋಗಬಹುದು. ಅದಕ್ಕೂ ಟಿಕೆಟ್ ಕೊಟ್ಟಿರುತ್ತೇವೆ, ಬೇಸರವಾಗುತ್ತದೆ. ಆದರೆ ಖಾತರಿ ಬೇಕಾದವರಿಗೆ ಧ್ವನಿಮುದ್ರಿಕೆ ಇದ್ದೇ ಇದೆ, ಅದನ್ನು ಕತ್ತರಿಸಿ ಒಪ್ಪ ಮಾಡಿಕೊಡಲು ಟಿಯೋ ಮಸೆರೋ ಅಂಥವರೂ ಇದ್ದಾರೆ. ಕಛೇರಿಗೆ ಹೋಗುವುದು ಖಾತರಿ ಇಲ್ಲದ್ದಕ್ಕೆ. ಆದ್ದರಿಂದ ಫ್ಯೂಷನ್ ಕಛೇರಿ ಕೇಳಿ ಬಂದ ಯಾರಾದರೂ ‘ಧ್ವನಿಮುದ್ರಿಕೆಯಲ್ಲಿದ್ದ ಹಾಗೆಯೇ ನುಡಿಸಿದರು’ ಎಂದು ಹೊಗಳಿದರೆ, ಆ ರಾತ್ರಿ ತಂಡ ಸೋತಿತು ಎಂದೇ ತಿಳಿಯಬೇಕು.